ದೊಡ್ಡಪ್ಪ, ಡ್ರೋನ್ ಮಳೆ ದುಡ್ಡು ಸೋಮವಾರ ಕಟ್ಟಬೇಡ್ರಿ

ದೊಡ್ಡಪ್ಪ, ನಾನು ಸುಮಾ. ಬಾಯಲ್ಲಿ ಹೇಳಿದ್ದನ್ನ ಫೋನೇ ಬರ್ಕೊಳ್ತಾ ಇದೆ, ಅಲ್ಲಲ್ಲಿ ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ರಿ, ಸ್ವಲ್ಪ ಉದ್ದ ಆಗುತ್ತೆ. ಬೆಳಗ್ಗೆ ನೀವು ಗ್ರೂಪಿಗೆ ಹಾಕಿದ ವಿಡಿಯೋನ ಕಾಲೇಜಿಗೆ ಹೋಗೋ ಬಸ್ಸಲ್ಲೇ ಎರಡು ಸಲ ನೋಡಿದೆ, "ಡ್ರೋನ್‌ನಿಂದ ಮಳೆ, ಇನ್ನು ರೈತನಿಗೆ ಬರದ ಚಿಂತೆಯಿಲ್ಲ" ಅಂತ ಇದ್ಯಲ್ಲ ಅದು. ಅದರ ಕೆಳಗೆ ನೀವು ಬರ್ದಿದ್ದು ಓದಿದ ಮೇಲೆ ಪಾಠ ಮಾಡೋವಾಗ್ಲೂ ಮನಸ್ಸು ಊರಲ್ಲೇ ಇತ್ತು. ಕಂಪನಿಯೋರು ಯಾರೋ ಊರಿಗೆ ಬಂದು ಗುಡಿ ಹತ್ರ ಮೀಟಿಂಗ್ ಮಾಡಿದ್ರು, ಎಕರೆಗೆ 1,500 ರೂಪಾಯಿ ಕೊಟ್ರೆ ಈ ಹಂಗಾಮು ಪೂರ್ತಿ ನಮ್ಮ ಹೊಲದ ಮೇಲೆ ಮಳೆ ಬರಿಸ್ತಾರೆ, ನಮ್ಮನೇದು ಹನ್ನೆರಡು ಎಕರೆಗೆ 18 ಸಾವಿರ, ಸೋಮವಾರದೊಳಗೆ ಎಲ್ರೂ ಕಟ್ರಿ ಅಂತ. ಮಂಜಣ್ಣ ಆಗ್ಲೇ ಓಕೆ ಅಂದಿದಾನೆ.

ನಿಮ್ಮ ಸಂಕಟ ನನಗೆ ಗೊತ್ತಾಗುತ್ತೆ ದೊಡ್ಡಪ್ಪ. ಮೆಕ್ಕೆಜೋಳ ಸೂಲಂಗಿ ಒಡೆಯೋ ಹೊತ್ತಿಗೆ ಸರಿಯಾಗಿ ಮಳೆ ಕೈಕೊಟ್ಟಿದೆ, ಪುಷ್ಯ ಹಂಗೇ ಹೋಯ್ತು, ಆಶ್ಲೇಷನೂ ಬರೀ ಗಾಳಿಲೇ ಹೋಗ್ತಾ ಇದೆ, ಮಘೆ ಮಳೆ ಬಂದಷ್ಟೂ ಒಳ್ಳೇದು ಮನೆ ಮಗ ಉಂಡಷ್ಟೂ ಒಳ್ಳೇದು ಅಂತ ಅಜ್ಜಿ ಹೇಳ್ತಿತ್ತಲ್ಲ, ಆ ಮಘೆನೂ ಬರ್ಲಿಲ್ಲ ಅಂದ್ರೆ ಗೊಬ್ಬರದ ಸಾಲನೂ ಹುಟ್ಟಲ್ಲ. ಇಂಥ ಹೊತ್ತಲ್ಲಿ ಯಾರಾದ್ರೂ ಮಳೆ ತರ್ತೀನಿ ಅಂದ್ರೆ ಕೈ ಜೇಬಿಗೆ ಹೋಗೇ ಹೋಗುತ್ತೆ, ಅದು ತಪ್ಪಲ್ಲ. ಆದ್ರೆ ಆ ಕೈ ಜೇಬಿಗೆ ಹೋಗೋ ಹೊತ್ತನ್ನೇ ನೋಡ್ಕೊಂಡು ಬರೋರು ಇದಾರಲ್ಲ, ನನಗೆ ಸಿಟ್ಟು ಬರೋದು ಅವರ ಮೇಲೆ.

ಮೊದಲು ಆ ವಿಡಿಯೋ. ಅದರಲ್ಲಿ ಕಾರುಗಳೆಲ್ಲ ನೀರಲ್ಲಿ ತೇಲ್ತಾ ಇದಾವಲ್ಲ, ಅದು ದುಬೈದು, 2024ರ ಏಪ್ರಿಲ್ 16ರ ಮಳೆ. ನಮ್ಮ ಶ್ವೇತಾ ಅಲ್ಲೇ ಇದ್ಲು, ಗ್ರೂಪಲ್ಲೇ ಇದಾಳೆ, ಕೇಳ್ರಿ ಬೇಕಾದ್ರೆ, ಎರಡು ದಿನ ಮನೆಯಿಂದ ಕೆಳಗೆ ಇಳಿಯಕ್ಕೆ ಆಗ್ಲಿಲ್ಲ ಅವಳಿಗೆ. ದುಬೈ ಏರ್‌ಪೋರ್ಟಲ್ಲಿ ಒಂದೇ ದಿನಕ್ಕೆ 142 ಮಿಲಿಮೀಟರ್ ಬಿತ್ತು, ಅಲ್ಲಿ ವರ್ಷಕ್ಕೆ ಬರೋದೇ 95ರ ಆಸುಪಾಸು. ಆಗ್ಲೂ ಎಲ್ಲಾ ಕಡೆ ಮೋಡ ಬಿತ್ತನೆಯಿಂದ್ಲೇ, ಅಂದ್ರೆ ಈ ಡ್ರೋನಿನೋರು ಹೇಳೋ ಹಂಗೆ ಮೋಡಕ್ಕೆ ಪುಡಿ ಹಾಕಿ ಮಳೆ ಬರಿಸೋದ್ರಿಂದ್ಲೇ, ಹಿಂಗಾಯ್ತು ಅಂತ ಸುದ್ದಿ ಹಬ್ಬಿತು, ಅಲ್ಲಿನ ಹವಾಮಾನ ಕೇಂದ್ರದೋರು ಆ ಮಳೆಯಲ್ಲಿ ನಾವು ಬಿತ್ತನೆ ಮಾಡೇ ಇಲ್ಲ ಅಂದ್ರು. ಮತ್ತೆ ಅದೇ ಮಳೆ ಪಕ್ಕದ ಓಮನ್‌ಗೂ ಹೊಡೀತು, ಅಲ್ಲಿ ಶಾಲೆ ಮಕ್ಕಳು ಕೊಚ್ಕೊಂಡು ಹೋಗಿ ತೀರ್ಕೊಂಡ್ರು. ಅಷ್ಟು ದೊಡ್ಡ ಮಳೆನ ವಿಮಾನದಿಂದ ಬರಿಸಕ್ಕೆ ಆಗಲ್ಲ. ಅಂದ್ರೆ ನಿಮಗೆ ತೋರಿಸಿದ ಮಳೆ ಬಿತ್ತನೆ ಮಳೆನೇ ಅಲ್ಲ, ಮಾರೋಕೆ ಬಂದೋರು ಅದನ್ನೇ ತೋರಿಸಿದ್ರೆ ಬಾಕಿ ಮಾತನ್ನ ಹೆಂಗೆ ನಂಬೋದು.

ಹೊಸದಾಗಿ ಕಂಡು ಹಿಡಿದಿದ್ದು ಅಂತಲೂ ಇದೆ ಅದರಲ್ಲಿ. ಇದು 1946ರ ವಿದ್ಯೆ ದೊಡ್ಡಪ್ಪ, ನೀವು ಹುಟ್ಟೋಕೂ ಮುಂಚಿನದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಲ್ಯಾಬಲ್ಲಿ ವಿನ್ಸೆಂಟ್ ಶೇಫರ್ ಅನ್ನೋರು ವಿಮಾನದಿಂದ ಮೋಡಕ್ಕೆ ಒಣ ಮಂಜುಗಡ್ಡೆ ಸುರಿದು ನೋಡಿದ್ರು, ಅದೇ ಲ್ಯಾಬಿನ ಇನ್ನೊಬ್ರು ಸಿಲ್ವರ್ ಅಯೋಡೈಡ್ ಅನ್ನೋ ಬೆಳ್ಳಿಯ ಲವಣನೂ ಕೆಲಸ ಮಾಡುತ್ತೆ ಅಂತ ಕಂಡ್ಕೊಂಡ್ರು. ಎಂಬತ್ತು ವರ್ಷದಿಂದ ಎಷ್ಟೋ ದೇಶ ಮಾಡಿ ನೋಡಿದಾವೆ. ಅಷ್ಟು ಸಲೀಸಾಗಿ ಬರ ನೀಗಿಸೋ ಹಂಗಿದ್ರೆ ಜಗಳೂರು ಚಳ್ಳಕೆರೆ ಕಡೆ ನಮ್ಮ ಜನ ಇಷ್ಟು ವರ್ಷ ಆಕಾಶ ನೋಡ್ಕೊಂಡು ಕೂರ್ತಿರ್ಲಿಲ್ಲ.

ಅದು ಕೆಲಸ ಮಾಡೋ ರೀತಿ ಹೇಳ್ತೀನಿ. ಬಿತ್ತನೆ ಅಂತ ಚೆನ್ನಾಗೇ ಹೆಸರಿಟ್ಟಿದಾರೆ, ಯಾಕಂದ್ರೆ ಹೊಲಕ್ಕೆ ಹೆಂಗೆ ಹದ ಬೇಕೋ ಮೋಡಕ್ಕೂ ಹಂಗೇ ಹದ ಬೇಕು. ಹದ ಇಲ್ದೆ ಬಿತ್ತಿದ್ರೆ ಬೀಜ ಎಷ್ಟೇ ಒಳ್ಳೇದಿದ್ರೂ ಹುಟ್ಟಲ್ಲ ಅಂತ ನಿಮಗೆ ನಾನು ಹೇಳ್ಬೇಕಾ. ಮೋಡದೊಳಗೆ ಸಣ್ಣ ಸಣ್ಣ ಹನಿ ಇರ್ತಾವೆ, ಅವು ಬೀಳೋ ಅಷ್ಟು ಭಾರ ಇರಲ್ಲ. ಸಿಲ್ವರ್ ಅಯೋಡೈಡ್ ಹರಳು ಮಂಜಿನ ಹರಳಿನ ಥರಾನೇ ಇರೋದ್ರಿಂದ ಅದರ ಸುತ್ತ ಮಂಜು ಕಟ್ಟಿ, ದೊಡ್ಡದಾಗಿ, ಕೆಳಗೆ ಬರ್ತಾ ಕರಗಿ ಹನಿ ಆಗುತ್ತೆ. ಆದ್ರೆ ಇದು ಆಗೋದು ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿದ್ರೂ ಇನ್ನೂ ಹೆಪ್ಪುಗಟ್ಟದೆ ಇರೋ ತಣ್ಣನೆ ನೀರಲ್ಲಿ, ಮಳೆಗಾಲದಲ್ಲಿ ನಮ್ಮ ತಲೆ ಮೇಲೆ ಅಷ್ಟು ತಂಪು ಸಿಗೋದು ಐದು ಕಿಲೋಮೀಟರಿಗಿಂತ ಮೇಲೆ. ಕೆಳಗಿನ ಬೆಚ್ಚಗಿನ ಮೋಡಕ್ಕಾದ್ರೆ ಉಪ್ಪಿನ ಥರದ ಪುಡಿ ಹಾಕ್ತಾರೆ, ಅದನ್ನೂ ಮೋಡದ ಬುಡದಲ್ಲಿ ಗಾಳಿ ಮೇಲಕ್ಕೆ ಎಳ್ಕೊಳ್ಳೋ ಜಾಗ ನೋಡಿ ಬಿಡಬೇಕು. ನಮ್ಮ ದೇಶದ ಡ್ರೋನ್ ನಿಯಮದಲ್ಲಿ ಮಾಮೂಲಿ ಜಾಗದಲ್ಲಿ ಅನುಮತಿ ಇಲ್ದೆ ಹಾರಿಸಬಹುದಾದ ಎತ್ತರ 400 ಅಡಿ, ಅಂದ್ರೆ 120 ಮೀಟರ್. ನಮ್ಮೂರ ಬೋರ್‌ವೆಲ್‌ಗಳ ಆಳನೇ ಅದಕ್ಕಿಂತ ಜಾಸ್ತಿ! ಅದಕ್ಕೂ ಮೇಲೆ ಹಾರಿಸಕ್ಕೆ ಅವರ ಹತ್ರ ಅನುಮತಿ ಪತ್ರ ಇದ್ಯಾ ಅಂತ ಮೀಟಿಂಗಲ್ಲಿ ಯಾರಾದ್ರೂ ಕೇಳಿದ್ರಾ?

ಜೈಪುರದ ಹತ್ರ ರಾಮಗಢ ಅಣೆಕಟ್ಟಲ್ಲಿ 2025ರ ಆಗಸ್ಟಲ್ಲಿ ಇದೇ ಡ್ರೋನ್ ಪ್ರಯೋಗ ಇಟ್ಕೊಂಡಿದ್ರು, ನೋಡಕ್ಕೆ ಸಾವಿರಾರು ಜನ ಸೇರಿದ್ರು, ಮೊದಲ ದಿನ ಡ್ರೋನ್ ಮೋಡದ ಎತ್ತರಕ್ಕೆ ಏರಲೇ ಇಲ್ಲ. ಅದೇ ವರ್ಷ ಅಕ್ಟೋಬರ್ 28ಕ್ಕೆ ದೆಹಲಿಯಲ್ಲಿ ಹೊಗೆ ತೊಳೆಯಕ್ಕೆ ಅಂತ ಐಐಟಿ ಕಾನ್ಪುರದವ್ರು ವಿಮಾನದಲ್ಲೇ ಬಿತ್ತನೆ ಮಾಡಿದ್ರು, ಐದು ಪ್ರಯೋಗಕ್ಕೆ 3.21 ಕೋಟಿ ಇಟ್ಟಿದ್ದು. ದೆಹಲಿಯಲ್ಲಿ ಮಳೆ ಬರ್ಲಿಲ್ಲ, ನೋಯ್ಡಾ ಕಡೆ 0.1, 0.2 ಮಿಲಿಮೀಟರ್ ಅಂತ ಲೆಕ್ಕ ಕೊಟ್ರು. ಮೋಡದಲ್ಲಿ ತೇವ ಶೇಕಡಾ 15-20 ಅಷ್ಟೇ ಇತ್ತು ಅಂತ ಐಐಟಿಯವ್ರೇ ಹೇಳಿದ್ರು, ಮಾರನೇ ದಿನದ ಹಾರಾಟವನ್ನೂ ತೇವ ಸಾಲದು ಅಂತ ಮುಂದಕ್ಕೆ ಹಾಕಿದ್ರು. ಹದ ಇರ್ಲಿಲ್ಲ, ಅಷ್ಟೇ. ಬರಗಾಲದಲ್ಲಿ ಹದ ಇರೋ ಮೋಡನೇ ಬರಲ್ಲ, ಇಡೀ ವಿಷಯದ ಗಂಟು ಇಲ್ಲೇ ಇರೋದು ದೊಡ್ಡಪ್ಪ. ಚೆನ್ನಾಗಿ ಮಳೆ ಬರೋ ವರ್ಷ ಈ ವಿದ್ಯೆಗೆ ಕೆಲಸ ಸಿಗುತ್ತೆ, ನಮಗೆ ಬೇಕಾದ ವರ್ಷ ಸಿಗಲ್ಲ.

ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ, ಹಂಗೆ ಹೇಳಿದ್ರೆ ನಾನೂ ಅವರ ಥರಾನೇ ಆಗ್ತೀನಿ. ಸೊಲ್ಲಾಪುರ ಗೊತ್ತಲ್ಲ, ಅದೂ ನಮ್ಮ ಥರಾನೇ ಘಟ್ಟದ ಮರೆಯ ಸೀಮೆ. ಅಲ್ಲಿ ಪುಣೆಯ ಹವಾಮಾನ ವಿಜ್ಞಾನಿಗಳು ಕೆಲವು ಮೋಡಕ್ಕೆ ಬಿತ್ತಿ, ಕೆಲವು ಮೋಡ ಹಂಗೇ ಬಿಟ್ಟು, ವರ್ಷಗಟ್ಟಲೆ ಹೋಲಿಸಿ ನೋಡಿ 2023ರಲ್ಲಿ ಫಲಿತಾಂಶ ಕೊಟ್ರು. ಸರಾಸರಿ ಶೇಕಡಾ 18ರಷ್ಟು ಜಾಸ್ತಿ ಮಳೆ, ನೀರಿಗೆ ಲೀಟರಿಗೆ ಸುಮಾರು 18 ಪೈಸೆ ಖರ್ಚು. ಪ್ರಾಮಾಣಿಕವಾದ ಕೆಲಸ ಅದು. ಈಗ ಅದನ್ನ ನಮ್ಮ ಹೊಲಕ್ಕೆ ಲೆಕ್ಕ ಹಾಕೋಣ. ಹತ್ತು ಮಿಲಿಮೀಟರ್ ಕೊಡೋ ಒಳ್ಳೆ ಮೋಡ ಹೆಚ್ಚುಕಮ್ಮಿ ಹನ್ನೆರಡು ಕೊಡುತ್ತೆ, ಜಾಸ್ತಿ ಬಂದಿದ್ದು ಎರಡು ಮಿಲಿಮೀಟರ್, ಒಂದೆಕರೆಗೆ ಎಂಟು ಸಾವಿರ ಲೀಟರ್, 18 ಪೈಸೆ ಲೆಕ್ಕದಲ್ಲಿ 1,440 ರೂಪಾಯಿ. ನಿಮ್ಮ 1,500 ಅಲ್ಲಿಗೆ ಮುಗೀತು, ಒಂದೇ ಒಂದು ಮಳೆಗೆ, ಅದೂ ಮೋಡ ಇದ್ರೆ, ಅದೂ ವಿಮಾನ ರಾಡಾರ್ ವಿಜ್ಞಾನಿಗಳು ಎಲ್ಲಾ ಇದ್ರೆ. ಎರಡು ಮಿಲಿಮೀಟರ್ ಅಂದ್ರೆ ಧೂಳು ಅಡಗುತ್ತೆ, ಮೆಕ್ಕೆಜೋಳದ ಬೇರಿಗೆ ಮುಟ್ಟಲ್ಲ. ಅವರು ಅದೇ ದುಡ್ಡಿಗೆ ಇಡೀ ಹಂಗಾಮು ಅಂತಿದಾರೆ.

ಇಸ್ರೇಲ್ ನೋಡ್ರಿ ಇಸ್ರೇಲ್ ಅಂತ ನೀವು ಯಾವಾಗ್ಲೂ ಅಂತೀರಲ್ಲ, ಅದೂ ಹೇಳ್ಬಿಡ್ತೀನಿ. ಹತ್ತಾರು ವರ್ಷ ಬಿತ್ತನೆ ಮಾಡಿದ ದೇಶ ಅದು. ಕೊನೆಗೆ 2020ರ ತನಕ ಏಳು ಚಳಿಗಾಲ ಸರಿಯಾಗಿ ಅಳೆದು ನೋಡಿದ್ರು, ಸಿಕ್ಕಿದ್ದು ಶೇಕಡಾ 1.8, ಅದು ಬಿತ್ತನೆಯಿಂದ್ಲೇ ಬಂದಿದ್ದು ಅಂತ ಗಟ್ಟಿಯಾಗಿ ಹೇಳಕ್ಕೂ ಆಗದಷ್ಟು ಕಮ್ಮಿ. ಆಮೇಲೆ ನಿಲ್ಸಿಬಿಟ್ರು. ಈ ಸುದ್ದಿ ನಿಮ್ಮ ಗ್ರೂಪಿಗೆ ಯಾವತ್ತಾದ್ರೂ ಬಂತಾ? ಶುರು ಮಾಡಿದ್ದು ಟಿವಿಲಿ ಬರುತ್ತೆ, ನಿಲ್ಸಿದ್ದು ಬರಲ್ಲ. ನಾನು ಟೆಕ್ನಾಲಜಿ ಸುದ್ದಿ ಅಂದ ತಕ್ಷಣ ತಡೆದು ನಿಲ್ಲೋದು ಇದಕ್ಕೇನೇ.

ನಮ್ಮ ಸರ್ಕಾರದ್ದೂ ಆಯ್ತಲ್ಲ, 2017ರಲ್ಲಿ ವರ್ಷಧಾರೆ ಅಂತ, ಜಕ್ಕೂರಿಂದ ವಿಮಾನ ಹಾರ್ತು, ಬೆಂಗಳೂರು, ಗದಗ, ಸುರಪುರದಲ್ಲಿ ರಾಡಾರ್ ಇಟ್ರು, ಸುಮಾರು 35 ಕೋಟಿ. ಶೇಕಡಾ 28ರ ಹತ್ರ ಮಳೆ ಜಾಸ್ತಿ ಆಯ್ತು ಅಂತ ಆಮೇಲೆ ವರದಿ ಬಂತು. ಆದ್ರೆ ಆ ವರ್ಷ ಬೆಂಗಳೂರಲ್ಲಿ ಮಳೆ ಹಳೇ ದಾಖಲೆನೇ ಮುರಿದಿತ್ತು, ಹಂಗೆ ತಾನಾಗೇ ಸುರಿಯೋ ವರ್ಷದಲ್ಲಿ ಯಾವ ಹನಿ ದೇವ್ರದ್ದು ಯಾವ ಹನಿ ವಿಮಾನದ್ದು ಅಂತ ಬೇರೆ ಮಾಡೋದು ಎಷ್ಟು ಕಷ್ಟ ನೀವೇ ಹೇಳ್ರಿ. ನಮ್ಮ ಮಾರಿಕಣಿವೆ ಡ್ಯಾಮೇ ತಗೊಳ್ರಿ. 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ, 89 ವರ್ಷ! ಭದ್ರಾ ನೀರೂ ಬಂದಿತ್ತು, ಮಳೆನೂ ಹಂಗೇ ಹೊಡೀತು, ನಾವೆಲ್ಲ ಟ್ರ್ಯಾಕ್ಸ್ ಮಾಡ್ಕೊಂಡು ನೋಡಕ್ಕೆ ಹೋಗಿದ್ವಲ್ಲ, ಅಜ್ಜಿ ಕಣ್ಣೀರು ಹಾಕ್ಕೊಳ್ತು. ಆ ವರ್ಷ ಯಾರಾದ್ರೂ ಹೊಸದುರ್ಗದ ಮೇಲೆ ಒಂದು ಡ್ರೋನ್ ಹಾರಿಸಿದ್ರೆ ಇವತ್ತಿಗೂ ಮಾರಿಕಣಿವೆ ತುಂಬಿಸಿದ್ದು ನಾವೇ ಅಂತ ಬೋರ್ಡ್ ಹಾಕ್ಕೊಂಡು ಓಡಾಡ್ತಿದ್ರು, ಸುಳ್ಳು ಅಂತ ತೋರಿಸಕ್ಕೆ ನಮ್ಮ ಹತ್ರ ಏನೂ ಇರ್ತಿರ್ಲಿಲ್ಲ. ನಾಳೆ ಮಘೆ ಮಳೆ ತಾನಾಗೇ ಬಂದ್ರೂ ಈ ಕಂಪನಿಯೋರು ಅದು ನಮ್ದೇ ಅಂತಾರೆ. ಬರದಿದ್ರೆ ಮೋಡ ಸರಿ ಇರ್ಲಿಲ್ಲ ಅಂತಾರೆ. ಎರಡರಲ್ಲೂ ದುಡ್ಡು ಅವರಿಗೇ.

ಅಪ್ಪನ ಬೋರ್ ವಿಷಯ ಈ ಗ್ರೂಪಲ್ಲಿ ಯಾರೂ ಎತ್ತಲ್ಲ, ಇವತ್ತು ನಾನೇ ಎತ್ತುತೀನಿ. 2019ರಲ್ಲಿ ಯಾರೋ ಸ್ಯಾಟಲೈಟ್ ಮೆಷಿನ್ ಅಂತ ಹಿಡ್ಕೊಂಡು ಬಂದು ಹೊಲದಲ್ಲಿ ಪಾಯಿಂಟ್ ಮಾಡಿದ್ರು, ನೂರಕ್ಕೆ ತೊಂಬತ್ತು ಗ್ಯಾರಂಟಿ ಅಂದ್ರು. ಮೆಷಿನಲ್ಲಿ ಕೆಂಪು ಲೈಟು, ಸ್ಕ್ರೀನ್ ಮೇಲೆ ಗೆರೆ ಗೆರೆ, ನಾನೇ ಪಕ್ಕದಲ್ಲಿ ನಿಂತು ನೋಡಿದೀನಿ. ಮೂರು ಬೋರ್ ಕೊರೆಸಿದ್ವಿ, ಒಂದು 720 ಅಡಿ ಹೋಯ್ತು, ಮೂರೂ ಫೇಲ್, ಧೂಳೇ ಬಂತು. ಅಮ್ಮನ ಬಳೆ ಬ್ಯಾಂಕಿಂದ ಬಿಡಿಸ್ಕೊಳ್ಳಕ್ಕೆ ನಾಲ್ಕು ವರ್ಷ ಆಯ್ತು. ಆ ತೊಂಬತ್ತು ಯಾವ ನೂರರಲ್ಲಿ ತೊಂಬತ್ತು, ಎಲ್ಲಿ ಕೊರೆಸಿದ್ದು, ನೀರು ಎಷ್ಟು ದಿನ ನಿಂತು ಅಂತ ಫಿಸಿಕ್ಸ್ ಓದಿದ ನಾನೇ ಅವತ್ತು ಕೇಳ್ಲಿಲ್ಲ ದೊಡ್ಡಪ್ಪ, ಅಪ್ಪನ ಮುಖದಲ್ಲಿ ಆಸೆ ನೋಡಿ ಬಾಯಿ ಬರ್ಲಿಲ್ಲ. ಅದಕ್ಕೇ ಈ ಸಲ ಇಷ್ಟುದ್ದ ಹೇಳ್ತಿರೋದು.

ಹಂಗಂತ ಮೆಷಿನ್ನೇ ಬೇಡ ಅಂತಲ್ಲ ನನ್ನ ಮಾತು. ನಮ್ಮ ಪಂಚಾಯ್ತಿಗೂ ಒಂದು ಮಳೆ ಮಾಪಕ ಹಾಕಿದಾರೆ, ಸೋಲಾರ್ ಇಟ್ಕೊಂಡು ನಿಂತಿರುತ್ತಲ್ಲ ಅದು. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ್ದು, ಹದಿನೈದು ನಿಮಿಷಕ್ಕೊಂದು ಸಲ ಲೆಕ್ಕ ಬೆಂಗಳೂರಿಗೆ ಹೋಗುತ್ತೆ. ಅದರ ಬಗ್ಗೆ ಯಾರೂ ವಿಡಿಯೋ ಮಾಡಲ್ಲ, ಆದ್ರೆ ಬೆಳೆ ವಿಮೆ ಮಾತು ಬಂದಾಗ ಅಂಥ ಮಾಪಕದ ಲೆಕ್ಕನೂ ನಮ್ಮ ಕೈ ಹಿಡಿಯುತ್ತೆ. ಅದರ ಮೇಲೆ ಯಾರೋ ಮೇವು ಒಣಗಾಕಿದ್ರು ಹೋದ ಸಲ ಬಂದಾಗ, ಮಂಜಣ್ಣ ನೋಡಿ ತೆಗೆಸು ಪ್ಲೀಸ್.

ಇನ್ನೊಂದು. ನಮ್ಮೂರಲ್ಲಿ ಆರುನೂರು ಎಕರೆ ಅಂತ ಇಟ್ಕೊಂಡ್ರೂ ಈ ಡ್ರೋನಿಗೆ ಕಟ್ಟೋದು ಒಟ್ಟು ಒಂಬತ್ತು ಲಕ್ಷ ಆಗುತ್ತೆ. ಹೋದ ವರ್ಷ ಹಸ್ತದಲ್ಲಿ ಒಂದೇ ರಾತ್ರಿ ಅಷ್ಟು ಹೊಡೀತಲ್ಲ, ಕೆರೆಗೆ ಬರೋ ಹಳ್ಳ ಪೂರ್ತಿ ಬಳ್ಳಾರಿ ಜಾಲಿ ಬೆಳ್ಕೊಂಡು ನೀರೆಲ್ಲ ಪಕ್ಕಕ್ಕೆ ತಿರುಗಿ ಈರುಳ್ಳಿ ಹೊಲ ಕೊಚ್ಕೊಂಡು ಹೋಯ್ತು, ಕೆರೆಗೆ ಮೊಣಕಾಲುದ್ದನೂ ನಿಲ್ಲಲಿಲ್ಲ. ಕೆರೆ ತುಂಬಿಸೋ 57 ಕೆರೆ ಯೋಜನೆ ಪೈಪು ನಮ್ಮ ಕೆರೆ ತನಕ ಬರಲಿಲ್ಲ ಅಂತ ಬೈತಾ ಕೂತಿದೀವಿ, ಬಂದ ನೀರಿಗೇ ದಾರಿ ಇಲ್ಲ. ಜೆಸಿಬಿ ಗಂಟೆಗೆ 1,200 ತಗೊಂಡ್ರೂ ಆ ದುಡ್ಡಲ್ಲಿ ಹಳ್ಳ ಬಿಡಿಸಿ, ತೂಬು ರಿಪೇರಿ ಮಾಡಿಸಿ, ಇನ್ನೂ ಉಳಿಯುತ್ತೆ. ಈ ವರ್ಷದ ಮೆಕ್ಕೆಜೋಳ ಇದರಿಂದ ಉಳಿಯಲ್ಲ, ಅದು ನನಗೂ ಗೊತ್ತು, ಅದನ್ನ ಉಳಿಸೋ ದಾರಿ ನನ್ನ ಹತ್ರ ಇಲ್ಲ, ಇದ್ದಿದ್ರೆ ಇಷ್ಟೊತ್ತಿಗೆ ಹೇಳಿರ್ತಿದ್ದೆ. ಚಿಕ್ಕವರಿದ್ದಾಗ ಮಳೆರಾಯನ್ನ ಹೊತ್ಕೊಂಡು ಮನೆ ಮನೆ ತಿರುಗ್ತಿದ್ವಿ, ಕೊಡ ನೀರು ಸುರೀತಿದ್ರು, ಕೊಟ್ಟ ಹಿಟ್ಟಲ್ಲಿ ಎಲ್ರಿಗೂ ಊಟ ಆಗ್ತಿತ್ತು. ಮಳೆ ಬರ್ತಿತ್ತೋ ಇಲ್ವೋ, ಯಾರ ಮನೆಯೂ ಸಾಲಕ್ಕೆ ಬೀಳ್ತಿರ್ಲಿಲ್ಲ.

ಭಾನುವಾರ ದಾವಣಗೆರೆಯಿಂದ ಮೊದಲನೇ ಬಸ್ಸಿಗೆ ಬರ್ತೀನಿ. ಅವರು ಕೊಟ್ಟ ಕಾಗದ ಎಲ್ಲಾ ಎತ್ತಿಡ್ರಿ. ಅಲ್ಲಿ ತನಕ ನಮ್ಮನೆಯೋರು ಯಾರೂ ದುಡ್ಡು ಹಾಕೋದು ಬೇಡ. ಅವರಿಗೆ ಫೋನ್ ಮಾಡಿ ಒಂದೇ ಮಾತು ಕೇಳ್ರಿ ಸಾಕು, ನಮ್ಮ ಪಂಚಾಯ್ತಿ ಮಾಪಕದಲ್ಲಿ ಅಕ್ಕಪಕ್ಕದ ಪಂಚಾಯ್ತಿಗಳಿಗಿಂತ ಮಳೆ ಜಾಸ್ತಿ ತೋರಿಸಿದ್ರೆ ಮಾತ್ರ ಹಂಗಾಮು ಮುಗಿದ ಮೇಲೆ ದುಡ್ಡು ಕೊಡ್ತೀವಿ, ಹಂಗೆ ಬರ್ಕೊಡ್ತೀರಾ ಅಂತ. ಏನಂತಾರೆ ಅಂತ ರಾತ್ರಿ ನನಗೆ ತಿಳಿಸ್ರಿ, ಹತ್ತು ಗಂಟೆ ತನಕ ಎದ್ದಿರ್ತೀನಿ.