ಸಹಾಯ ಬೇಕು: ಮಳೆನಾಡಿನಲ್ಲಿ ಕೋಕೋ ಒಣಗಿಸುವ ಬಗ್ಗೆ

ಪಪುವಾ ನ್ಯೂಗಿನಿಗೆ ಸೇರಿದ ಬೋಗನ್‌ವಿಲ್ ದ್ವೀಪದಿಂದ ಸುಮಾರು 85 ಕಿಲೋಮೀಟರ್ ದೂರದಲ್ಲಿರುವ ಕಾರ್ಟರೆಟ್ ಎಂಬ ಪುಟ್ಟ ಹವಳದ್ವೀಪಗಳ ಜನರಿಗಾಗಿ ಈ ಕೋರಿಕೆ. ಉಪ್ಪುನೀರು ನುಗ್ಗಿ ಕೆಸುವಿನ ಹೊಂಡಗಳು ಹಾಳಾಗಿವೆ. ಹ್ಯೂನೆ ದ್ವೀಪವನ್ನಂತೂ ಸಮುದ್ರ ಎರಡಾಗಿ ಸೀಳಿದೆ. 2006ರಲ್ಲಿ ಅಲ್ಲಿನ ಹಿರಿಯರು ತಾವಾಗಿಯೇ ತುಲೆಲೆ ಪೈಸಾ ಎಂಬ ಸಂಸ್ಥೆಯನ್ನು ಕಟ್ಟಿ, ಉರ್ಸುಲಾ ರಕೋವಾ ಅವರ ಮುಂದಾಳುತನದಲ್ಲಿ, ಕ್ಯಾಥೊಲಿಕ್ ಚರ್ಚ್ ಬಿಟ್ಟುಕೊಟ್ಟ, ಬೋಗನ್‌ವಿಲ್‌ನಲ್ಲೇ ಇರುವ ತಿನ್‌ಪುಟ್ಸ್‌ನ ಜಮೀನಿಗೆ ಕೆಲವು ಕುಟುಂಬಗಳನ್ನು ಕರೆತಂದರು.

ಈ ಸಮುದಾಯದಲ್ಲಿ ಭೂಮಿಯ ಹಕ್ಕು ತಾಯಿಯಿಂದ ಮಗಳಿಗೆ ಬರುತ್ತದೆ. ಅಳಿಯಕಟ್ಟನ್ನು ಬಲ್ಲ ಕರಾವಳಿಯ ನಮಗೆ, ಊರು ಬಿಡುವುದೆಂದರೆ ಅಲ್ಲಿನ ಹೆಂಗಸರ ಪಾಲಿಗೆ ಏನೆಂಬುದು ಬೇಗ ಅರ್ಥವಾದೀತು. ಪ್ರಾರ್ಥನೆಯಲ್ಲಿ ಅವರಿಗೆ ಗಟ್ಟಿ ನಂಬಿಕೆಯಿದೆ, ಆದರೆ ಅದನ್ನೇ ನೆಚ್ಚಿ ಅವರು ಕೈಕಟ್ಟಿ ಕುಳಿತಿಲ್ಲ. ಹೊಸ ನೆಲದಲ್ಲಿ ಕೋಕೋ ಬೆಳೆಯುತ್ತಾರೆ, ದ್ವೀಪದಲ್ಲೇ ಉಳಿದ ಬಂಧುಗಳಿಗೆ ತೋಟದ ಆಹಾರ ಕಳಿಸುತ್ತಾರೆ.

ಆ ಭಾಗದಲ್ಲಿ ವರ್ಷವಿಡೀ ಮಳೆಯಿರುವುದರಿಂದ ಬೀಜವನ್ನು ಸೌದೆಯ ಬೆಂಕಿಯಲ್ಲಿ ಒಣಗಿಸುವುದು ರೂಢಿ. ಒಲೆಯ ಕೊಳವೆ ಸೋರಿದರೆ ಬೀಜಕ್ಕೆ ಹೊಗೆಯ ವಾಸನೆ ಹತ್ತಿ ಬೆಲೆ ಕುಸಿಯುತ್ತದೆ. ಪುತ್ತೂರು, ಸುಳ್ಯ, ಬೆಳ್ತಂಗಡಿಯ ಕಡೆ ಅಡಿಕೆ ತೋಟದಲ್ಲಿ ಕೋಕೋ ಬೆಳೆದು, ಮಳೆಗಾಲದಲ್ಲೂ ಹೊಗೆ ತಾಗದಂತೆ ಒಣಗಿಸಿದ ಅನುಭವವಿರುವವರು ದಯವಿಟ್ಟು ಇಲ್ಲಿ ಬರೆಯಿರಿ. ಸೋಲಾರ್ ಡ್ರೈಯರ್‌ನ ಅಳತೆ, ಅದಕ್ಕೆ ಹೊದಿಸುವ ಪ್ಲಾಸ್ಟಿಕ್ ಹಾಳೆಯ ಬಾಳಿಕೆ, ಬೀಜ ಹುದುಗಿಸುವ ಅವಧಿ, ತಗಲುವ ಖರ್ಚು ಇವೆಲ್ಲ ಬೇಕಾಗಿವೆ. ಚಿತ್ರಗಳಿದ್ದರೆ ಇನ್ನೂ ಒಳ್ಳೆಯದು. ನಾನು ಹಣ ಕೇಳುತ್ತಿಲ್ಲ. ಬಂದ ಉತ್ತರಗಳನ್ನು ಇಂಗ್ಲಿಷಿಗೆ ಅನುವಾದಿಸಿ ಆ ಸಂಸ್ಥೆಗೆ ಕಳಿಸುತ್ತೇನೆ. ಪಪುವಾ ನ್ಯೂಗಿನಿಯ ಆಡುಭಾಷೆಯಾದ ಟೋಕ್ ಪಿಸಿನ್ ಬಲ್ಲವರು ಯಾರಾದರೂ ಇದ್ದರೆ ಅನುವಾದಕ್ಕೆ ಕೈಜೋಡಿಸಬೇಕೆಂದು ಕೋರುತ್ತೇನೆ.