ಕ್ಷಮಿಸಿದ ಮೇಲೂ ಎದೆ ಬಿಗಿಯುತ್ತದೆ: ನಿಮ್ಮ ಅನುಭವ ಹೇಳಿ

ಕೇಳಿದವರು:
ನಮ್ಮ ಮನೆಯ ಕಷ್ಟವೊಂದನ್ನು ನಮ್ಮ ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ಆಪ್ತಳಾಗಿದ್ದ ಗೆಳತಿಯ ಹತ್ತಿರ ಹೇಳಿಕೊಂಡಿದ್ದೆ. ಅವಳು ಅದನ್ನು ‘ಪ್ರಾರ್ಥನೆಗೆ’ ಅಂತ ನಾಲ್ಕಾರು ಜನಕ್ಕೆ ಹೇಳಿಬಿಟ್ಟಳು. ಈಗ ಎಲ್ಲರಿಗೂ ಗೊತ್ತು. ಹಿರಿಯರು ‘ಯೇಸು ನಿನ್ನನ್ನು ಕ್ಷಮಿಸಿಲ್ವಾ? ನೀನೂ ಕ್ಷಮಿಸು, ಮೊದಲಿನ ಹಾಗೆ ಇರಿ’ ಅಂದರು. ಕ್ಷಮಿಸಿದ್ದೇನೆ ಅಂತ ದೇವರ ಮುಂದೆ ಹೇಳಿದ್ದೇನೆ. ಆದರೂ ಅವಳು ಎದುರಾದರೆ ಎದೆ ಬಿಗಿಯುತ್ತದೆ. ಯೇಸುವಿನ ನೆನಪಿಗಾಗಿ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ತೆಗೆದುಕೊಳ್ಳಲೂ ಹಿಂಜರಿಕೆ. ನಾನು ನಿಜವಾಗಿ ಕ್ಷಮಿಸಿಲ್ಲವೇ? ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಒಬ್ಬ ಸಹೋದರ:
ಸಹೋದರಿ, ಎದೆ ಬಿಗಿಯಿತು ಅಂದ ಮಾತ್ರಕ್ಕೆ ಕ್ಷಮಿಸಿಲ್ಲ ಅಂತಲ್ಲ. ನನ್ನ ಸ್ವಂತ ಅಣ್ಣ ಆಸ್ತಿಯಲ್ಲಿ ಮೋಸ ಮಾಡಿದಾಗ ಎಲ್ಲರೂ ನನಗೆ ಹೇಳಿದ್ದು ‘ಬಿಟ್ಟುಬಿಡು, ದೊಡ್ಡದೇನಲ್ಲ’ ಅಂತ. ಆ ಮಾತು ಮೋಸಕ್ಕಿಂತ ಜಾಸ್ತಿ ನೋಯಿಸಿತು.

ಆಮೇಲೆ ಬೈಬಲಿನ ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಮ್ಯಕಥೆಯನ್ನು ನಿಧಾನವಾಗಿ ಓದಿದೆ. ಅರಸ ತನ್ನ ಸೇವಕನಿಗೆ 10,000 ತಲಾಂತಿನ ಸಾಲ ಬಿಟ್ಟ. ಆ ಸೇವಕನಿಗೆ ಅವನ ಜೊತೆಗಾರ ಕೊಡಬೇಕಿದ್ದದ್ದು 100 ದಿನಾರಿ. ಒಂದು ದಿನಾರಿ ಅಂದರೆ ಆಗ ಒಂದು ದಿನದ ಕೂಲಿ. ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ ಅದು, ಸಣ್ಣ ದುಡ್ಡಲ್ಲ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ, ಹಾಗಾಗಿ ಅರಸ ಬಿಟ್ಟದ್ದು ಸುಮಾರು 6 ಕೋಟಿ ದಿನದ ಕೂಲಿ. ಅದರ ಮುಂದೆ ಇಟ್ಟಾಗ ಮಾತ್ರ ಈ 100 ಚಿಕ್ಕದಾಗಿ ಕಾಣುತ್ತದೆ. ನಮ್ಮ ನಷ್ಟ ನಷ್ಟವೇ ಅಲ್ಲ ಅಂತ ಯೇಸು ಎಲ್ಲೂ ಹೇಳಲಿಲ್ಲ.

ನಾನು ಒಂದು ನೋಟ್‌ಬುಕ್ಕಿನಲ್ಲಿ ಏನೇನು ಹೋಯಿತು ಅಂತ ಬರೆದೆ. ಜಮೀನು. ನೆಂಟರ ಮುಂದೆ ಮರ್ಯಾದೆ. ಅಣ್ಣನ ಮೇಲಿದ್ದ ನಂಬಿಕೆ. ಒಂದೊಂದನ್ನೇ ಓದಿ ‘ಕರ್ತನೇ, ಇದನ್ನು ಅವನಿಂದ ವಸೂಲಿ ಮಾಡುವುದಿಲ್ಲ’ ಅಂದೆ. ಕೋಪ ಮತ್ತೆ ಬಂತು. ಮತ್ತೆ ಅದೇ ಪುಟ ತೆರೆದೆ. ಎಷ್ಟು ಸಲ ಕ್ಷಮಿಸಬೇಕು ಅಂತ ಕೇಳಿದ ಶಿಷ್ಯ ಪೇತ್ರನಿಗೆ ಯೇಸು ‘ಏಳೆಪ್ಪತ್ತು ಸಲ’ ಅಂದದ್ದು ಹೊಸ ಹೊಸ ತಪ್ಪಿಗೆ ಮಾತ್ರ ಅಲ್ಲ, ಒಂದೇ ತಪ್ಪು ನೆನಪಾದಾಗಲೆಲ್ಲ ಅಂತಲೂ ನನಗನ್ನಿಸುತ್ತದೆ.

ಸಭೆಯ ಹಿರಿಯರೊಬ್ಬರು:
ನಾನೂ ಒಂದು ಸಭೆಯಲ್ಲಿ ಹಿರಿಯನಾಗಿದ್ದೇನೆ, ಇಂಥ ಜಗಳಗಳ ನಡುವೆ ಕೂತಿದ್ದೇನೆ. ‘ಮೊದಲಿನ ಹಾಗೆ ಇರಿ’ ಅಂದದ್ದು ಅವಸರದ ಮಾತಮ್ಮ. ಮತ್ತಾಯ 5:23-24 ನೋಡಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಎದ್ದು ಹೋಗಬೇಕಾದವನು ಯಾರು? ತನ್ನ ಮೇಲೆ ಸಹೋದರನಿಗೆ ಏನೋ ದೂರು ಇದೆ ಅಂತ ನೆನಪಾದವನು. ಅಂದರೆ ಇಲ್ಲಿ ಮೊದಲು ಏಳಬೇಕಾದವಳು ನಿಮ್ಮ ಗೆಳತಿ. ನೀವು ಕರ್ತನ ಭೋಜನದಿಂದ ದೂರ ಉಳಿಯಬೇಕಾಗಿಲ್ಲ. ನೊಂದವರಿಗೇ ಅಲ್ವಾ ಆ ರೊಟ್ಟಿ ಜಾಸ್ತಿ ಬೇಕಾಗಿರುವುದು?

ಕ್ಷಮಿಸಲು ಒಬ್ಬರು ಸಾಕು, ಒಂದಾಗಲು ಇಬ್ಬರೂ ಬೇಕು. ಅಣ್ಣಂದಿರೇ ಗುಲಾಮನಾಗಿ ಮಾರಿದ ಮೇಲೆ ಐಗುಪ್ತದಲ್ಲಿ ಅಧಿಕಾರಿಯಾದ ಯೋಸೇಫನ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಣ್ಣಂದಿರು ಧಾನ್ಯಕ್ಕಾಗಿ ಐಗುಪ್ತಕ್ಕೆ ಬಂದ ದಿನವೇ ಅವನು ‘ನಾನೇ ನಿಮ್ಮ ತಮ್ಮ’ ಅಂತ ತಬ್ಬಿಕೊಳ್ಳಲಿಲ್ಲ. ಮರೆಗೆ ಹೋಗಿ ಅತ್ತ. ಮನೆಯಲ್ಲೇ ಉಳಿದಿದ್ದ ಕಿರಿಯ ತಮ್ಮ ಬೆನ್ಯಾಮೀನನನ್ನು ಕರೆತನ್ನಿ ಅಂದ. ಕೊನೆಗೆ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಇಡಿಸಿ, ಅದು ಸಿಕ್ಕವನು ಗುಲಾಮನಾಗಿ ಇಲ್ಲೇ ಇರಲಿ ಅಂದ. ಅವನನ್ನು ಅಲ್ಲೇ ಬಿಟ್ಟು ಊರಿಗೆ ಹೋಗುವ ದಾರಿ ಅಣ್ಣಂದಿರಿಗೆ ತೆರೆದೇ ಇತ್ತು. ಹಿಂದೆ ‘ಯೋಸೇಫನನ್ನು ಮಾರೋಣ’ ಅಂದಿದ್ದ ಯೆಹೂದನೇ ಈ ಸಲ ‘ಹುಡುಗನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ’ ಅಂದ. ಆಗ ಯೋಸೇಫನಿಗೆ ತಡೆಯಲಾಗಲಿಲ್ಲ. ಜೋರಾಗಿ ಅತ್ತು ತಾನು ಯಾರು ಅಂತ ಹೇಳಿದ.

ಅಲ್ಲಿಗೂ ಮುಗಿಯಲಿಲ್ಲ. ಅವರ ತಂದೆ ಯಾಕೋಬ ಐಗುಪ್ತದಲ್ಲಿ 17 ವರ್ಷ ಇದ್ದು ತೀರಿಕೊಂಡ. ಆಮೇಲೂ ಅಣ್ಣಂದಿರಿಗೆ ‘ಈಗ ಸೇಡು ತೀರಿಸಿಕೊಂಡರೆ ಏನು ಗತಿ’ ಅನ್ನುವ ಭಯ. ಅಷ್ಟು ವರ್ಷ ಒಟ್ಟಿಗೆ ಉಂಡವರಿಗೇ ಹೀಗಾದರೆ, ನಿಮ್ಮನ್ನು ಅವಸರಪಡಿಸುವುದು ಯಾವ ನ್ಯಾಯ?

ಇನ್ನೊಬ್ಬ ಸಹೋದರಿ:
ನನಗೂ ಹೆಚ್ಚುಕಡಿಮೆ ಇದೇ ಆಗಿತ್ತು. ಆದರೆ ನನ್ನ ಗೆಳತಿ ತಾನಾಗಿಯೇ ನನ್ನ ಹತ್ತಿರ ಬಂದಳು. ‘ನಿನಗೆ ಬೇಜಾರಾಗಿದ್ರೆ ಸಾರಿ’ ಅನ್ನಲಿಲ್ಲ. ‘ನೀನು ನಂಬಿ ಹೇಳಿದ್ದನ್ನು ನಾನು ಇವರಿಗೆಲ್ಲ ಹೇಳಿದೆ, ಅದು ತಪ್ಪು’ ಅಂತ ಒಬ್ಬೊಬ್ಬರ ಹೆಸರನ್ನೂ ಹೇಳಿದಳು. ‘ಆದರೆ’ ಅಂತ ಏನೂ ಸೇರಿಸಲಿಲ್ಲ. ಅಲ್ಲೇ ಕ್ಷಮಿಸಬೇಕು ಅಂತ ಒತ್ತಾಯವನ್ನೂ ಮಾಡಲಿಲ್ಲ. ಆಮೇಲೆ ತಾನೇ ಅವರೆಲ್ಲರ ಮನೆಗೆ ಹೋಗಿ ‘ಅದನ್ನು ಹೇಳುವ ಹಕ್ಕು ನನಗಿರಲಿಲ್ಲ, ದಯವಿಟ್ಟು ಆ ಮಾತು ಇಲ್ಲಿಗೇ ನಿಲ್ಲಲಿ’ ಅಂದು ಬಂದಳು. ಬೈಬಲಿನಲ್ಲಿ ಬರುವ ಸುಂಕದವನಾದ ಜಕ್ಕಾಯನೂ ಬಾಯಿಮಾತಿನಲ್ಲಿ ನಿಲ್ಲಿಸಲಿಲ್ಲ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ನಿಮ್ಮ ಹಿರಿಯರು ನಿಮ್ಮ ಗೆಳತಿಗೂ ಇದನ್ನು ಹೇಳಬೇಕು.

ನಾವಿಬ್ಬರೂ ಈಗ ಒಟ್ಟಿಗೆ ಪ್ರಾರ್ಥನೆಗೆ ಕೂರುತ್ತೇವೆ, ಮಕ್ಕಳ ವಿಷಯ ಮಾತಾಡುತ್ತೇವೆ. ಮನೆಯ ಗುಟ್ಟು ಮಾತ್ರ ಅವಳಿಗೆ ಹೇಳುವುದಿಲ್ಲ. ಅದು ಅವಳಿಗೂ ಗೊತ್ತು, ಬೇಸರ ಮಾಡಿಕೊಂಡಿಲ್ಲ.

ಮತ್ತೊಬ್ಬರು:
ಇದನ್ನು ಓದುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದವಳು ನಾನು. ‘ಕ್ಷಮಿಸಿದ್ದರೆ ವಾಪಸ್ ಹೋಗು’ ಅಂತ ಯಾರಾದರೂ ಅಂದರೆ 1 ಸಮುವೇಲ 26 ತೆಗೆದು ತೋರಿಸಿ. ತನ್ನನ್ನು ಕೊಲ್ಲಲು ಬೆನ್ನಟ್ಟುತ್ತಿದ್ದ ಅರಸ ಸೌಲನ ಪ್ರಾಣವನ್ನು ದಾವೀದ ಎರಡನೇ ಸಲವೂ ಉಳಿಸಿದ. ಸೌಲ ತಪ್ಪೊಪ್ಪಿಕೊಂಡು ‘ಹಿಂದಿರುಗಿ ಬಾ ಮಗನೇ’ ಅಂತ ಕರೆದ. ದಾವೀದ ಅವನ ಈಟಿಯನ್ನು ವಾಪಸ್ ಕೊಡಿಸಿದ, ಅವನ ಜೊತೆ ಹೋಗಲಿಲ್ಲ. ನಾನು ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಗಂಡನಿಗೆ ಕೆಟ್ಟದ್ದಾಗಲಿ ಅಂತ ಒಂದು ದಿನವೂ ಪ್ರಾರ್ಥಿಸಿಲ್ಲ. ಎರಡೂ ನಿಜ.

ಇನ್ನೊಬ್ಬ ಸಹೋದರ:
ಮೇಲೆ ಹೇಳಿದ್ದೆಲ್ಲ ಸರಿ. ಆದರೂ ಒಂದು ಮಾತು ಸೇರಿಸಬೇಕು ಅನ್ನಿಸಿತು. ಹೊಡೆತ, ಬೆದರಿಕೆ ಇದ್ದಲ್ಲಿ ದೂರ ಇರಲೇಬೇಕು. ನಿಮ್ಮಂಥ ಸಂಗತಿಯಲ್ಲಿ ಮಾತ್ರ ಆ ದೂರ ಹಾಗೇ ಅಭ್ಯಾಸವಾಗಿಬಿಡಬಹುದು. ರೋಮಾಪುರದವರಿಗೆ 12:18ರಲ್ಲಿ ಎಲ್ಲರ ಸಂಗಡ ಸಮಾಧಾನದಿಂದಿರಿ ಅನ್ನುವಾಗ ಅಪೊಸ್ತಲ ಪೌಲ ‘ಸಾಧ್ಯವಾದರೆ’ ಅಂದಿದ್ದಾನೆ, ನಿಜ. ‘ನಿಮ್ಮಿಂದಾಗುವ ಮಟ್ಟಿಗೆ’ ಅಂತಲೂ ಅಂದಿದ್ದಾನೆ.

ಹಾಲೆಂಡಿನ ಕ್ರೈಸ್ತ ಮಹಿಳೆ ಕೊರಿ ಟೆನ್ ಬೂಮ್ ಅವರ ಅಕ್ಕ ನಾಜಿಗಳ ರಾವೆನ್ಸ್‌ಬ್ರೂಕ್ ಸೆರೆಶಿಬಿರದಲ್ಲಿ ತೀರಿಕೊಂಡರು. 1947ರಲ್ಲಿ ಮ್ಯೂನಿಕ್‌ನಲ್ಲಿ ಕೊರಿ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದಾಗ, ಆ ಶಿಬಿರದಲ್ಲೇ ಕಾವಲುಗಾರನಾಗಿದ್ದವನು ಬಂದು ಕೈ ಚಾಚಿದ. ಅವರ ಕೈ ಮೇಲೇಳಲಿಲ್ಲ. ಯೇಸುವಿನ ಸಹಾಯ ಕೇಳಿಕೊಂಡು ಕೈ ಮುಂದೆ ಮಾಡಿದರು, ಮನಸ್ಸು ಆಮೇಲೆ ಕರಗಿತು. ನಿಮ್ಮ ವಿಷಯದಲ್ಲೂ ಮನಸ್ಸು ತಿಳಿಯಾಗಲಿ ಅಂತ ಕಾಯುತ್ತಾ ಕೂರಬೇಡಿ. ಅವಳ ಹೆಸರು ಹಿಡಿದು ದಿನಾ ಒಂದು ಸಣ್ಣ ಪ್ರಾರ್ಥನೆ ಮಾಡಿ. ಅವಳ ಬಗ್ಗೆ ಬೇರೆಯವರ ಹತ್ತಿರ ಮಾತಾಡುವುದನ್ನು ನಿಲ್ಲಿಸಿ.

ಇನ್ನೊಂದು. ನಿಮಗೆ ನೋವಾಗಿದೆ ಅಂತ ಅವಳಿಗೆ ನೇರವಾಗಿ ಹೇಳಿದ್ದೀರಾ? ನೀವು ಬರೆದದ್ದರಲ್ಲಿ ಅದು ಕಾಣಲಿಲ್ಲ. ಮತ್ತಾಯ 18:15 ಹೇಳುವ ಮೊದಲ ಹೆಜ್ಜೆ ಅದೇ, ನೀವಿಬ್ಬರೇ ಇರುವಾಗ. ‘ನಿನ್ನನ್ನು ನಂಬಿ ಹೇಳಿದ್ದೆ. ನೀನು ಬೇರೆಯವರಿಗೆ ಹೇಳಿದೆ. ನನಗೆ ತುಂಬಾ ನೋವಾಗಿದೆ’ ಅಂದರೆ ಸಾಕು. ಹಳೆಯದೆಲ್ಲ ಕೆದಕಬೇಡಿ. ಅವಳು ಕೇಳದೆ ಹೋದರೆ ಮುಂದಿನ ವಚನದಂತೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಅವರು ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಾಗಿರಲಿ.