ಕಿಚನ್‌ಗೆ ಕಾಲಿಟ್ಟವರು ಯಾರು?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಕಟ್ಟಳೆಯಿದೆ. ದೊಡ್ಡಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಯಾರಾದರೂ ಅರ್ಧಂಬರ್ಧ ವಾಕ್ಯ ಹಾಕಿದರೆ ತಿದ್ದಿ ಹಿಂದಿರುಗಿಸುತ್ತಾರೆ. ಹಾಗಾಗಿ ನಮ್ಮಲ್ಲಿ ಜಗಳವಾದರೂ ಪೂರ್ಣವಿರಾಮ ಬಿಟ್ಟು ಹೋಗುವುದಿಲ್ಲ. ಕಳೆದ ಭಾನುವಾರ ಬೆಂಗಳೂರಿನಲ್ಲಿ ಚಿಕ್ಕಪ್ಪನ ಅಪಾರ್ಟ್‌ಮೆಂಟಿನ ಅಂಕಣದಲ್ಲಿ ಚಿಕ್ಕಪ್ಪ, ಚಿಕ್ಕಮ್ಮ ಒಂದು ಕಡೆ, ನಾನೂ ಅವರ ಮಗಳು ವಿದ್ಯಾಳೂ ಇನ್ನೊಂದು ಕಡೆ ನಿಂತು ಪಿಕಲ್‌ಬಾಲ್ ಆಡಿದೆವು. ಪ್ಯಾಡಲ್ ಎಂಬ ಚಪ್ಪಟೆ ಬ್ಯಾಟಿನಿಂದ ತೂತುಗಳ ಪ್ಲಾಸ್ಟಿಕ್ ಚೆಂಡನ್ನು ನೆಟ್ ದಾಟಿಸುವ ಆಟವದು, ನೆಟ್ಟಿನ ಎರಡೂ ಬದಿಯ ಏಳಡಿ ಪಟ್ಟಿಗೆ ಅದರಲ್ಲಿ ಕಿಚನ್ ಎಂದು ಹೆಸರು. 10–9ರಲ್ಲಿ, ನೆಟ್ಟಿನ ಬುಡದಲ್ಲಿ ಪಿಚ್ ಬಿದ್ದ ಚೆಂಡನ್ನು ನಾನು ಒಳಗೆ ಒಂದು ಹೆಜ್ಜೆಯಿಟ್ಟು ಎತ್ತಿದೆ. ಚಿಕ್ಕಪ್ಪ "ಕಿಚನ್! ಕಿಚನ್!" ಎಂದು ಕೂಗಿದರು. 11–9 ಆಯಿತು. ಸೋಮವಾರದಿಂದ ಗುಂಪಿನಲ್ಲಿ ನಡೆದದ್ದು ಇದು.

ಚಿಕ್ಕಪ್ಪ (ಬೆಳಿಗ್ಗೆ 6:12, ಹಲವು ಬಾರಿ ಫಾರ್ವರ್ಡ್ ಆದದ್ದು): ಪಿಕಲ್‌ಬಾಲ್ ಗೆಲ್ಲಲು ನೆಟ್ ಬಳಿಯ ಮೂರು ರಹಸ್ಯಗಳು. ಒಂದು, ನೆಟ್ಟಿಗೆ ಎಷ್ಟು ಹತ್ತಿರವೋ ಗೆಲುವಿಗೆ ಅಷ್ಟು ಹತ್ತಿರ. ಎರಡು, ನೆಟ್ ಬಳಿ ಬಲವಾಗಿ ಬೀಸಿದವನೇ ರಾಜ. ಮೂರು, ಕಿಚನ್ ಗೆರೆಯೊಳಗೆ ಯಾವ ಕಾರಣಕ್ಕೂ ಕಾಲಿಡಬಾರದು, ಇಟ್ಟರೆ ಫಾಲ್ಟ್. ಹತ್ತು ಜನಕ್ಕೆ ಕಳಿಸಿ.

ಚಿಕ್ಕಪ್ಪ: ಮೂರನೆಯದನ್ನು ಕೆಲವರು ಎರಡೆರಡು ಸಲ ಓದಿಕೊಂಡರೆ ಒಳ್ಳೆಯದು. ನಾನು ಯಾರ ಹೆಸರನ್ನೂ ಹೇಳುತ್ತಿಲ್ಲ.

ವಿದ್ಯಾ: ಅಪ್ಪ, ಇದನ್ನು ಬರೆದವರು ಯಾರು, ಯಾವ ನಿಯಮಪುಸ್ತಕದ ಎಷ್ಟನೆಯ ನಿಯಮ ಎಂಬುದನ್ನು ದಯವಿಟ್ಟು ಹಾಕಿ. ಅದಕ್ಕೂ ಮೊದಲು ನೀವೇ ಒಮ್ಮೆ ಓದಿ. ನೆಟ್ಟಿಗೆ ಆದಷ್ಟು ಹತ್ತಿರ ಹೋಗು ಎನ್ನುತ್ತದೆ ಮೊದಲನೆಯದು, ನೆಟ್ಟಿನಿಂದ ಏಳು ಅಡಿಯೊಳಗೆ ಕಾಲೇ ಇಡಬೇಡ ಎನ್ನುತ್ತದೆ ಮೂರನೆಯದು. ನನ್ನ ಆಡಿಟ್ಟಿಗೆ ಇಂಥ ಲೆಕ್ಕ ಬಂದರೆ ನಾನು ಸಹಿ ಹಾಕುವುದಿಲ್ಲ.

ಚಿಕ್ಕಪ್ಪ: ಹೆತ್ತ ಅಪ್ಪನಿಗೆ ವೌಚರ್ ಕೇಳುವ ಮಗಳು ನಮ್ಮ ಮನೆಯಲ್ಲಿ ಮಾತ್ರ ಇದ್ದಾಳೆ.

ನಾನು: ಚಿಕ್ಕಪ್ಪ, ಹೆಸರು ಹೇಳದಿದ್ದರೂ ಅದು ನನಗೇ ಎಂದು ತಿಳಿಯಿತು. ಕಿಚನ್ನಿನಲ್ಲಿ ನಿಂತು, ಅಥವಾ ಅದರ ಗೆರೆ ತುಳಿದು, ಚೆಂಡನ್ನು ಪಿಚ್ ಬೀಳುವ ಮುಂಚೆ ಗಾಳಿಯಲ್ಲೇ ಹೊಡೆಯಬಾರದು, ಅಂದರೆ ವಾಲಿ ಮಾಡಬಾರದು, ಎಂಬುದಷ್ಟೇ ನಿಯಮ. ಹೊರಗೆ ನಿಂತು ವಾಲಿ ಹೊಡೆದ ರಭಸಕ್ಕೆ ಒಳಗೆ ಮುಗ್ಗರಿಸಿದರೂ ಫಾಲ್ಟ್, ಆ ಹೊತ್ತಿನಲ್ಲಿ ತಲೆಯ ಟೋಪಿ ಒಳಗೆ ಬಿದ್ದರೂ ಫಾಲ್ಟ್. ಆದರೆ ಒಂದು ಪಿಚ್ ಬಿದ್ದ ಚೆಂಡಿಗೆ ಒಳಗೆ ಹೋಗಬಹುದು, ಹೋಗಲೇಬೇಕು, ಇಲ್ಲದಿದ್ದರೆ ನೆಟ್ಟಿನ ಬುಡದಲ್ಲಿ ಬಿದ್ದ ಚೆಂಡನ್ನು ಎತ್ತುವವರು ಯಾರು? ಭಾನುವಾರ ಚೆಂಡು ಪಿಚ್ ಬಿದ್ದಿತ್ತು.

ಚಿಕ್ಕಪ್ಪ: ಬಿದ್ದಿತ್ತೆಂದು ನೀನು ಹೇಳುತ್ತೀಯೆ. ಬಿದ್ದಿತ್ತೆಂದು ಇಟ್ಟುಕೊಂಡರೂ, ಒಳಗೆ ಬಂದವನು ಅತಿಥಿಯಂತೆ ಅಲ್ಲೇ ನಿಂತುಬಿಟ್ಟೆಯಲ್ಲ, ಅದಕ್ಕೇನು ಹೇಳುತ್ತೀಯ?

ಈ ಮಾತಿನಲ್ಲಿ ಹುರುಳಿದೆ ಎಂದು ಗುಂಪಿನಲ್ಲಿ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ, ಇಲ್ಲಿ ಒಪ್ಪಿಕೊಳ್ಳುತ್ತೇನೆ. ಒಳಗೆ ಹೋಗುವುದು ತಪ್ಪಲ್ಲವಾದರೂ ಅಲ್ಲೇ ಉಳಿಯುವುದು ದಡ್ಡತನ. ಎದುರಾಳಿ ಮುಂದಿನ ಚೆಂಡನ್ನು ನೇರ ಎದೆಗೆ ಬಾರಿಸಿದರೆ ಅದನ್ನು ವಾಲಿ ಮಾಡುವ ಹಕ್ಕೇ ನಮಗಿರುವುದಿಲ್ಲ. ಎರಡೂ ಪಾದ ಹೊರಗೆ ಊರಿದ ಮೇಲೆಯೇ ಆ ಹಕ್ಕು ಮರಳುವುದು, ಒಳಗಿನಿಂದ ಹಾರಿ ಗಾಳಿಯಲ್ಲಿದ್ದೆ ಎಂಬ ವಾದವೂ ನಡೆಯುವುದಿಲ್ಲ.

ವಿದ್ಯಾ: ನಾನು ಅವನ ಪಕ್ಕದಲ್ಲೇ ಇದ್ದೆ. ಚೆಂಡು ಒಂದು ಪಿಚ್ ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ.

ಚಿಕ್ಕಪ್ಪ: ನೀನು ಏಳನೆಯ ಕ್ಲಾಸಿನಲ್ಲಿ ಕೇರಂ ಆಡುವಾಗಲೂ ಅವನ ಪರವೇ ಸಾಕ್ಷಿ ಹೇಳುತ್ತಿದ್ದೆ.

ದೊಡ್ಡಪ್ಪ: ಎಲ್ಲರ ಬರಹವನ್ನೂ ಓದಿದೆ. ನಾನು ಈ ಆಟವನ್ನು ಆಡಿದವನಲ್ಲ, ಮೈಸೂರಿನಲ್ಲಿ ಮನೆಯ ಪಕ್ಕದಲ್ಲೇ ಆಡುವುದನ್ನು ನೋಡುತ್ತಿರುವವನು. ನನಗೆ ಕಂಡದ್ದು ಇಷ್ಟು: ನೆಟ್ಟಿನ ಹತ್ತಿರ ನಿಲ್ಲುವವರಿಗೆ ಮೊದಲು ಬಾಗುವುದು ಬರಬೇಕು. ಸೊಂಟ ಬಗ್ಗಿಸಿ ಮೊಣಕಾಲನ್ನು ನೆಟ್ಟಗಿಟ್ಟುಕೊಂಡು ನಿಲ್ಲುವವರ ಚೆಂಡೆಲ್ಲ ನೆಟ್ಟಿಗೇ ಹೋಗುತ್ತದೆ. ಮತ್ತೊಂದು ಸಂಗತಿ. ತಲೆಯ ಮೇಲೆ ಎತ್ತರದ ಚೆಂಡು ಬಂದಾಗ ಅದನ್ನೇ ನೋಡುತ್ತ ಹಿಂದಹಿಂದಕ್ಕೆ ಹೆಜ್ಜೆಯಿಡುವುದು ಅವಿವೇಕ. ಹಾಗೆ ಬಿದ್ದವರು ಕೈಯೂರಿ ಮಣಿಕಟ್ಟು ಮುರಿದುಕೊಳ್ಳುತ್ತಾರೆ. ಪಕ್ಕಕ್ಕೆ ತಿರುಗಿ ಓಡಬೇಕು, ಇಲ್ಲವೇ ಹೋಗಲಿ ಎಂದು ಒಂದು ಪಾಯಿಂಟನ್ನು ಬಿಟ್ಟುಕೊಡಬೇಕು. ಬಿಟ್ಟುಕೊಡುವುದು ನಮ್ಮ ವಂಶದಲ್ಲಿ ಎಲ್ಲರಿಗೂ ಬಂದಿಲ್ಲ.

ಚಿಕ್ಕಪ್ಪ: ಅಣ್ಣ, ಕೊನೆಯ ವಾಕ್ಯ ಯಾರಿಗೆ?

ದೊಡ್ಡಪ್ಪ: ವಾಕ್ಯದಲ್ಲಿ ಕರ್ತೃ ಸ್ಪಷ್ಟವಾಗಿಯೇ ಇದೆ.

ನನ್ನ ಅಪ್ಪ ಎಂದಿನಂತೆ ಕೈಮುಗಿದ ಚಿತ್ರವೊಂದನ್ನು ಹಾಕಿ ಮರೆಯಾದರು.

ಪ್ರಸಾದಣ್ಣ (ಅಮೆರಿಕದ ಸಿಯಾಟಲ್‌ನಿಂದ): ನೀವೆಲ್ಲ ಈ ಆಟದ ಹೆಸರೆತ್ತಿದ್ದು ಒಳ್ಳೆಯದಾಯಿತು. ಇದು ಹುಟ್ಟಿದ್ದು ನಮ್ಮ ಊರಿನ ಮಗ್ಗುಲಲ್ಲೇ. ಸಿಯಾಟಲ್‌ನಿಂದ ಹಡಗಿನಲ್ಲಿ ಅರ್ಧ ಗಂಟೆಯ ಮೇಲೆ ಸ್ವಲ್ಪ ಕೂತರೆ ಬೇನ್‌ಬ್ರಿಜ್ ದ್ವೀಪ ಸಿಗುತ್ತದೆ. 1965ರ ಬೇಸಿಗೆಯಲ್ಲಿ ಅಲ್ಲಿ ಜೋಯಲ್ ಪ್ರಿಚರ್ಡ್ ಎಂಬವರ ಮನೆಯಲ್ಲಿ ಮಕ್ಕಳಿಗೆ ಹೊತ್ತು ಹೋಗದೆ, ಹಳೆಯ ಬ್ಯಾಡ್ಮಿಂಟನ್ ಅಂಕಣದಲ್ಲಿ ಟೇಬಲ್ ಟೆನಿಸ್ ಬ್ಯಾಟನ್ನೂ ತೂತುಗಳ ಪ್ಲಾಸ್ಟಿಕ್ ಚೆಂಡನ್ನೂ ಕೊಟ್ಟು ಆಟ ಶುರು ಮಾಡಿಸಿದರಂತೆ. ಮೊದಲು ನೆಟ್ ಬ್ಯಾಡ್ಮಿಂಟನ್ನಿನ ಐದಡಿ ಎತ್ತರಕ್ಕೇ ಇತ್ತು, ಆಮೇಲೆ ಸೊಂಟದ ಮಟ್ಟಕ್ಕೆ ಇಳಿಸಿದರು. ನನಗಂತೂ ನೆಟ್ ಎಂದ ಕೂಡಲೇ ನೆನಪಾಗುವುದು ಅಜ್ಜನ ಮನೆಯ ಹಿಂದಿನ ಬಯಲು, ಹಳದಿ ಉಣ್ಣೆಯ ಚೆಂಡು, ಸಂಜೆಯ ಬಾಲ್ ಬ್ಯಾಡ್ಮಿಂಟನ್. ಒಂದು ಕಡೆಗೆ ಐದೈದು ಜನ. ಚೆಂಡು ನೆಲಕ್ಕೆ ಬಿದ್ದರೆ ಮುಗಿಯಿತು. ಚಿಕ್ಕಪ್ಪ ಯಾವಾಗಲೂ ಮುಂದಿನ ಜಾಗದಲ್ಲಿ ನಿಲ್ಲುತ್ತಿದ್ದರು. ಅವರು ಇವತ್ತಿಗೂ ಚೆಂಡನ್ನು ಪಿಚ್ ಬೀಳಲು ಬಿಡದೆ ನುಗ್ಗುವುದಕ್ಕೆ ಆ ಅಭ್ಯಾಸವೇ ಕಾರಣ.

ಚಿಕ್ಕಪ್ಪ: ನೋಡಿದಿರಾ, ಅನುಭವ ಎಂದರೆ ಇದು. ನಾನು ಮುಂದೆ ನಿಂತಿದ್ದಾಗ ಒಂದು ಚೆಂಡೂ ದಾಟುತ್ತಿರಲಿಲ್ಲ.

ದೊಡ್ಡಪ್ಪ: ಪಕ್ಕದ ಊರಿನವರ ಎದುರಿನ ಪಂದ್ಯದಲ್ಲಿ ನಿನ್ನ ರ‍್ಯಾಕೆಟ್ ನೆಟ್ಟಿಗೆ ತಾಗಿದ್ದನ್ನೂ ಹೇಳು.

ಚಿಕ್ಕಪ್ಪ: ತಾಗಿರಲಿಲ್ಲ. ಗಾಳಿಗೆ ನೆಟ್ ಅಲುಗಿತು. ಅಂಪೈರ್ ಕುರ್ಚಿಯಲ್ಲಿ ಕೂತ ಸ್ವಂತ ಅಣ್ಣನೇ ತಮ್ಮನ ವಿರುದ್ಧ ಕೈಯೆತ್ತಿದ. ನಲವತ್ತು ವರ್ಷವಾದರೂ ನಾನು ಅದನ್ನು ಮರೆತಿಲ್ಲ.

ದೊಡ್ಡಪ್ಪ: ನೀನು ಮರೆತಿಲ್ಲವೆಂಬುದು ಆಸ್ತಿ ಪಾಲಿನ ದಿನವೇ ಗೊತ್ತಾಯಿತು.

ಇದಾದ ಮೇಲೆ ಎರಡು ಗಂಟೆ ಯಾರೂ ಬರೆಯಲಿಲ್ಲ. ಮೌನ ಮುರಿದವರು ಚಿಕ್ಕಮ್ಮ. ಅವರು ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಬರೆಯುವವರಲ್ಲ.

ಚಿಕ್ಕಮ್ಮ: ಕುಕ್ಕರ್ ಇಟ್ಟು ಬಂದೆ, ಈಗ ಹೇಳುತ್ತೇನೆ. ಯಾರೂ ನಡುವೆ ಬರಬೇಡಿ. ಫಾರ್ವರ್ಡಿನ ಮೊದಲೆರಡು ರಹಸ್ಯಗಳಿಂದ ನಾನು ಪಡುತ್ತಿರುವ ಪಾಡು ನಿಮಗ್ಯಾರಿಗೂ ತಿಳಿಯದು. ಇವರು ಸರ್ವ್ ಮಾಡಿದ ತಕ್ಷಣ ನೆಟ್ಟಿಗೆ ಓಡುತ್ತಾರೆ. ಸರ್ವ್ ಒಮ್ಮೆ ಪಿಚ್ ಬೀಳಬೇಕು, ಎದುರಿನವರು ಹಿಂದಿರುಗಿಸಿದ್ದೂ ನಮ್ಮ ಕಡೆ ಒಮ್ಮೆ ಪಿಚ್ ಬೀಳಬೇಕು, ಅಲ್ಲಿಯವರೆಗೆ ಹಿಂದೆಯೇ ಇರಿ ಎಂದು ನಾನು ಬೇಡಿಕೊಳ್ಳುತ್ತೇನೆ. ಇವರು ಅರ್ಧ ದಾರಿಯಲ್ಲಿರುವಾಗ ಚೆಂಡು ಇವರ ಕಾಲ ಬುಡಕ್ಕೆ ಬೀಳುತ್ತದೆ. ಮುಂದೆ ಬರಬೇಕಾದರೆ ಮೂರನೆಯ ಹೊಡೆತವನ್ನು ಮೆತ್ತಗೆ ಎದುರಿನವರ ಕಿಚನ್ನಿಗೆ ಇಳಿಸಬೇಕು, ಅವರು ಅದನ್ನು ಕೆಳಗಿನಿಂದ ಎತ್ತಿ ಆಡುವ ಹೊತ್ತಿಗೆ ನಾವು ನಡೆದು ಬರಬೇಕು, ಅವರ ಪ್ಯಾಡಲ್ ಚೆಂಡಿಗೆ ತಾಗುವ ಕ್ಷಣದಲ್ಲಿ ಎಲ್ಲಿದ್ದೇವೋ ಅಲ್ಲೇ ಎರಡು ಕಾಲೂರಿ ನಿಲ್ಲಬೇಕು. ಇದೆಲ್ಲ ನನಗೆ ಯಾವ ಫಾರ್ವರ್ಡೂ ಕಲಿಸಲಿಲ್ಲ, ನಮ್ಮ ಮೂರನೆಯ ಮಹಡಿಯ ಹುಡುಗಿ ಕಲಿಸಿದಳು.

ಚಿಕ್ಕಮ್ಮ: ಇನ್ನೂ ಇದೆ. ಗೆರೆಯ ಹತ್ತಿರ ಬಂದ ಮೇಲೆ ಇವರ ಪ್ಯಾಡಲ್ ತೊಡೆಯ ಪಕ್ಕದಲ್ಲಿ ತರಕಾರಿ ಚೀಲದಂತೆ ತೂಗುತ್ತಿರುತ್ತದೆ. ಚೆಂಡು ಬಂದಾಗ ಅಲ್ಲಿಂದ ಎತ್ತಿ, ಹಿಂದಕ್ಕೆ ಒಯ್ದು, ಬೀಸುವಷ್ಟರಲ್ಲಿ ಅದು ದಾಟಿ ಹೋಗಿರುತ್ತದೆ. ಪ್ಯಾಡಲ್ಲನ್ನು ಎದೆಯ ಮುಂದೆ ಹಿಡಿದಿರಬೇಕು, ಹಿಡಿ ಸಡಿಲವಾಗಿರಬೇಕು. ಹಸಿ ಮೊಟ್ಟೆ ಹಿಡಿದ ಹಾಗೆ ಹಿಡಿದರೆ ಜೋರಾಗಿ ಬಂದ ಚೆಂಡು ತಾನಾಗಿಯೇ ಸತ್ತು ಆ ಕಡೆ ಮೆತ್ತಗೆ ಬೀಳುತ್ತದೆ. ಡಿಂಕ್, ಅಂದರೆ ನೆಟ್ ಬಳಿಯಿಂದ ಎದುರಿನವರ ಕಿಚನ್ನಿಗೆ ಮೆತ್ತಗೆ ಇಳಿಸುವ ಹೊಡೆತ, ಆಡುವಾಗ ಮಣಿಕಟ್ಟು ಕೊಂಕಿಸದೆ ಭುಜದಿಂದ ತಳ್ಳಬೇಕು. ಇಷ್ಟನ್ನು ನಾನು ಎಷ್ಟು ಸಲ ಹೇಳಿದರೂ "ನೀನು ಸುಮ್ಮನಿರು" ಎಂಬ ಉತ್ತರವೇ ಬರುತ್ತದೆ. ನಮ್ಮಿಬ್ಬರ ಮಧ್ಯೆ ಬಂದ ಚೆಂಡನ್ನಂತೂ ಕೇಳಲೇಬೇಡಿ. ನಾನು ಎಡಕ್ಕಿರುವಾಗ ಮಧ್ಯದ ಚೆಂಡು ನನ್ನ ಬಲಗೈಯ ಮುಂದೆಯೇ ಬರುತ್ತದೆ, ಆದರೂ ಇವರು ಹಿಂಗೈ ಚಾಚಿ ನನ್ನ ಮೂಗಿನ ಮುಂದಿನಿಂದ ಅದನ್ನು ಕಿತ್ತುಕೊಂಡು ನೆಟ್ಟಿಗೆ ಹಾಕುತ್ತಾರೆ. ಮೂವತ್ತೈದು ವರ್ಷದಿಂದ ಊಟದ ಮೇಜಿನ ಮೇಲೂ ಹೀಗೆಯೇ.

ಪ್ರಸಾದಣ್ಣ: ಚಿಕ್ಕಮ್ಮ, ನೀವು ಹೇಳುವುದನ್ನು ಕೇಳಿದರೆ ಅಜ್ಜಿ ಒಬ್ಬಟ್ಟು ತಟ್ಟುತ್ತಿದ್ದದ್ದು ನೆನಪಾಗುತ್ತದೆ. ಅವರದೂ ಮಣಿಕಟ್ಟು ಅಲುಗುತ್ತಿರಲಿಲ್ಲ.

ದೊಡ್ಡಪ್ಪ: ಪ್ರಸಾದ, ವಿಷಯಾಂತರ ಬೇಡ.

ಚಿಕ್ಕಪ್ಪ: ಎಲ್ಲರೂ ಸೇರಿ ನನ್ನ ಮೇಲೆ ಬಿದ್ದಿದ್ದೀರಿ. ಆಗಲಿ. ಆದರೆ ಒಂದನ್ನು ಯಾರೂ ಅಲ್ಲಗಳೆಯಲಾರಿರಿ. ನಾನು ನಿಂತರೆ ಗೆರೆಯ ಹಿಂದೆ ಎರಡು ಬೆರಳು ಬಿಟ್ಟೇ ನಿಲ್ಲುತ್ತೇನೆ. ನನ್ನ ಪಾದ ಒಂದು ದಿನವೂ ಗೆರೆ ತುಳಿದಿಲ್ಲ. ನಾನು ಹೊಡೆದ ಒಂದೊಂದು ವಾಲಿಯೂ ಶುದ್ಧ.

ವಿದ್ಯಾ: ಅಪ್ಪ, ಯಾವ ಗೆರೆ?

ಚಿಕ್ಕಪ್ಪ: ನಮ್ಮ ಅಂಕಣದಲ್ಲಿ ಎಷ್ಟು ಗೆರೆಗಳಿವೆ? ಮುಂದಿನ ಬಿಳಿ ಗೆರೆ.

ವಿದ್ಯಾ: ಪ್ರಸಾದಣ್ಣ ಬ್ಯಾಡ್ಮಿಂಟನ್ ಅಂಕಣ ಎಂದಾಗಲೇ ನನಗೆ ಅನುಮಾನ ಬಂದಿತ್ತು. ನಮ್ಮದು ಬ್ಯಾಡ್ಮಿಂಟನ್ನಿಗೆಂದು ಬಳಿದ ಅಂಕಣ, ಅದರ ಮೇಲೆ ಪಿಕಲ್‌ಬಾಲ್ ನೆಟ್ ಇಟ್ಟು ಆಡುತ್ತಿದ್ದೇವೆ. ಡಬಲ್ಸ್‌ಗೆ ಎರಡೂ ಆಟದ ಅಂಕಣ 44 ಅಡಿ ಉದ್ದ, 20 ಅಡಿ ಅಗಲ, ಆದ್ದರಿಂದ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಬ್ಯಾಡ್ಮಿಂಟನ್ನಿನ ಮುಂದಿನ ಸರ್ವಿಸ್ ಗೆರೆ ನೆಟ್ಟಿನಿಂದ ಆರೂವರೆ ಅಡಿಗೆ ಇರುತ್ತದೆ. ಕಿಚನ್ ಇರಬೇಕಾದದ್ದು ಏಳು ಅಡಿ. ನಾವು ಕಿಚನ್ ಎಂದುಕೊಂಡದ್ದು ಆರು ಇಂಚು ಗಿಡ್ಡ. ಎರಡು ಬೆರಳು ಬಿಟ್ಟು ನಿಂತರೂ ನಿಮ್ಮ ಪಾದದ ಮುಂಭಾಗ ನಿಜವಾದ ಕಿಚನ್ನಿನ ಒಳಗೇ ಇರುತ್ತದೆ. ಭಾನುವಾರ ನೀವು ಗೆರೆಗಂಟಿಕೊಂಡು ಹೊಡೆದ ವಾಲಿಗಳೆಲ್ಲ ಫಾಲ್ಟ್.

ನಾನು: ಹಾಗಾದರೆ ಯಾವ ಕಾರಣಕ್ಕೂ ಕಾಲಿಡಬಾರದ ಕಡೆ ಇಡೀ ಆಟ ಕಾಲಿಟ್ಟುಕೊಂಡಿದ್ದವರು ಯಾರು ಎಂಬುದು ತೀರ್ಮಾನವಾಯಿತು.

ಚಿಕ್ಕಮ್ಮ: ನೀನೂ ಅದೇ ಗೆರೆಯಲ್ಲಿ ನಿಂತು ವಾಲಿ ಹೊಡೆದಿದ್ದೀಯ. ಬಾಯಿ ಮುಚ್ಚು.

ಇದಕ್ಕೆ ಉತ್ತರವಿರಲಿಲ್ಲ. ನಾಲ್ವರೂ ಅಲ್ಲಿಯೇ ನಿಂತಿದ್ದೆವು. ಚಿಕ್ಕಪ್ಪ ಸಂಜೆಯವರೆಗೆ ಆನ್‌ಲೈನ್‌ನಲ್ಲಿ ಕಾಣಿಸುತ್ತಲೇ ಇದ್ದರು, ಬರೆಯುತ್ತಿದ್ದಾರೆ ಎಂದು ತೋರುತ್ತಿತ್ತು, ಮತ್ತೆ ನಿಲ್ಲುತ್ತಿತ್ತು.

ಚಿಕ್ಕಪ್ಪ (ಸಂಜೆ 7:40): ಆರು ಇಂಚು ಎಂದರೆ ಒಂದು ಗೇಣೂ ಆಗುವುದಿಲ್ಲ.

ದೊಡ್ಡಪ್ಪ: ಅಂದು ನೆಟ್ಟಿನ ವಿಷಯದಲ್ಲಿಯೂ "ಒಂದು ಎಳೆ ತಾಗಿದರೆ ಏನಾಯಿತು" ಎಂದಿದ್ದೆ.

ಚಿಕ್ಕಪ್ಪ: ಅಂದರೆ ತಾಗಿತ್ತೆಂದು ನಾನು ಒಪ್ಪಿಕೊಂಡ ಹಾಗಾಯಿತೇ? ಅಣ್ಣ, ಮಾತು ತಿರುಚಬೇಡ.

ವಿದ್ಯಾ: ಅಪ್ಪ, ಆ ಫಾರ್ವರ್ಡಿನ ಮೂಲ ಇನ್ನೂ ಬಂದಿಲ್ಲ.

ಚಿಕ್ಕಮ್ಮ: ಅಳತೆ ಟೇಪು ಹೊಲಿಗೆ ಡಬ್ಬದಲ್ಲಿದೆ, ಸೀಮೆಸುಣ್ಣ ದೇವರ ಮನೆಯಲ್ಲಿದೆ. ಭಾನುವಾರ ಆರೂವರೆಗೆ ಎಲ್ಲರೂ ಬನ್ನಿ, ಏಳು ಅಡಿಗೆ ಗೆರೆ ಎಳೆದ ಮೇಲೆಯೇ ಆಟ. ಮಧ್ಯದ ಚೆಂಡು ನನ್ನದು.